ಪುಟ್ಟ ಕ್ಲೌಡ್ ಫಾರೆಸ್ಟ್ ಆರ್ಕಿಡ್ ಸೊರಗ್ತಿದ್ಯಾ? ಲಕ್ಷಣ ನೋಡಿ ಕಾರಣ ಹುಡುಕೋದು ಹೀಗೆ

ಲೆಪಾಂಥಿಸ್, ಮಾಸ್ಡೆವಾಲಿಯಾ, ಡ್ರಾಕುಲಾ, ಪ್ಲಾಟಿಸ್ಟೀಲಿ, ರೆಸ್ಟ್ರೆಪಿಯಾ, ಪೊರೊಗ್ಲೋಸಮ್ ಥರದ ಪುಟ್ಟ ಆರ್ಕಿಡ್ ಸಾಕೋರಿಗೆ ಇದನ್ನ ಬರೀತಿದೀನಿ. ಇವೆಲ್ಲ ಒಂದೇ ಗುಂಪಿನವು. ಹೆಚ್ಚಿನವು ಕೊಲಂಬಿಯಾ, ಈಕ್ವೆಡಾರ್, ಪೆರು ಕಡೆಯ ಆಂಡಿಸ್ ಬೆಟ್ಟಗಳಲ್ಲೋ ಕೋಸ್ಟರಿಕಾದ ಎತ್ತರದ ಕಾಡಲ್ಲೋ, ಸುಮಾರು 1500ರಿಂದ 3000 ಮೀಟರ್ ಎತ್ತರದಲ್ಲಿ, ಮೋಡ ಬಂದು ತಾಗ್ತಾ ಇರೋ ಕೊಂಬೆಗಳ ಮೇಲೆ ಮಾಸ್ (ಹಾವಸೆ) ನಡುವೆ ಬೆಳೆಯೋ ಗಿಡಗಳು. ನಾನಿಲ್ಲಿ ಹೇಳೋದು ಮನೇಲಿ ಲೈಟ್ ಹಾಕಿದ ಗಾಜಿನ ಪೆಟ್ಟಿಗೆ ಒಳಗೆ, ಮಾಸ್ ತುಂಬಿದ ಕುಂಡದಲ್ಲಿ ಸಾಕೋ ಗಿಡಗಳ ಬಗ್ಗೆ. ಬೇರೆ ಎಷ್ಟೋ ಆರ್ಕಿಡ್‌ಗಳಿಗೆ ಇರೋ ಹಾಗೆ ನೀರು ಕೂಡಿಟ್ಕೊಳ್ಳೋ ದಪ್ಪ ಗಡ್ಡೆ ಇವಕ್ಕೆ ಇಲ್ಲ. ಒಂದು ಸಣ್ಣ ಕಡ್ಡಿ, ಅದರ ತುದೀಲಿ ಒಂದೇ ಒಂದು ಎಲೆ, ಕೆಳಗೆ ದಾರದಂಥ ಬೇರು, ಅಷ್ಟೇ. ಹಂಗಾಗಿ ಬೇರಿಗೆ ತೊಂದ್ರೆ ಆದ್ರೆ ಗಿಡಕ್ಕೆ ಉಳಿತಾಯ ಅಂತ ಏನೂ ಇರಲ್ಲ, ಆದ್ರೂ ಎಲೇಲಿ ಲಕ್ಷಣ ಕಾಣೋ ಹೊತ್ತಿಗೆ ಎಷ್ಟೋ ಸಲ ವಾರಗಟ್ಟಲೆ ತಡ ಆಗಿರತ್ತೆ.

ಎಲೆ ಬಾಡಿದ ತಕ್ಷಣ ಎಲ್ರೂ ಮಾಡೋದು ಒಂದೇ, ಇನ್ನಷ್ಟು ನೀರು ಹಾಕೋದು ಇಲ್ಲಾ ಫಾಗರ್ (ನೀರನ್ನ ಮಂಜು ಮಾಡಿ ಬಿಡೋ ಯಂತ್ರ) ಜೋರು ಮಾಡೋದು. ನಾನು ನೋಡಿರೋ ಮಟ್ಟಿಗೆ ಈ ಗಿಡಗಳು ನೀರು ಕಮ್ಮಿಯಾಗಿ ಸಾಯೋದಕ್ಕಿಂತ ರಾತ್ರಿ ಸೆಕೆ ಮತ್ತು ನಿಂತ ಗಾಳಿಯಿಂದ ಸಾಯೋದೇ ಹೆಚ್ಚು, ಆ ಸ್ಥಿತೀಲಿ ನೀರು ಜಾಸ್ತಿ ಮಾಡಿದ್ರೆ ಸಾವು ಇನ್ನೂ ಬೇಗ ಬರತ್ತೆ. ಅದಕ್ಕೇ ಮೊದಲು ಅಳತೆ, ಆಮೇಲೆ ಗಾಳಿ, ಆಮೇಲೆ ನೀರು, ಆಮೇಲೆ ಬೇರು, ಔಷಧಿ ಕೊನೇಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಎರಡು ಮೂರು ವಾರ ಕಾಯಿರಿ, ಕೊಳೆ ರೋಗ ಒಂದನ್ನ ಬಿಟ್ಟು. ಅದಕ್ಕೆ ಮಾತ್ರ ಕಾಯೋ ಹಾಗಿಲ್ಲ.

ಯಾವ ಲಕ್ಷಣ ಇದ್ರೂ ಮೊದಲು ಇಷ್ಟು ನೋಡಿ

ನಿಮ್ಮ ಹ್ಯುಮಿಡಿಟಿ ಮೀಟರ್ (ಗಾಳೀಲಿರೋ ತೇವ ಅಳೆಯೋದು) ನಂಬಬಹುದಾ ಅಂತ ಮೊದಲು ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕರಗಿ ಹೋಗದೆ ಬರೀ ಒದ್ದೆ ಆಗೋ ಅಷ್ಟು ನೀರು ಬೆರೆಸಿ, ಮೀಟರ್ ಜೊತೆ ಜಿಪ್ ಕವರ್ ಒಳಗಿಟ್ಟು ಗಾಳಿ ಹೋಗದ ಹಾಗೆ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ಪರ್ಸೆಂಟ್ ಆಸುಪಾಸು ತೋರಿಸ್ಬೇಕು. 65 ತೋರಿಸಿದ್ರೆ ನಿಮ್ಮ ಮೀಟರ್ 10 ಕಮ್ಮಿ ಹೇಳ್ತಿದೆ ಅಂತ ಗೊತ್ತಾಯ್ತು. ಅಗ್ಗದ ಮೀಟರ್‌ಗಳು 90 ದಾಟಿದ ಮೇಲೆ ಹೇಳೋ ನಂಬರ್‌ಗೆ ತುಂಬಾ ಬೆಲೆ ಕೊಡ್ಬೇಡಿ.

ಟೆಂಪರೇಚರ್ ಮೀಟರ್ ಕನಿಷ್ಠ ಗರಿಷ್ಠ ಎರಡೂ ನೆನಪಿಟ್ಕೊಳ್ಳೋ ಥರದ್ದಾಗಿರ್ಲಿ, ಗಿಡದ ಎಲೆ ಇರೋ ಎತ್ತರದಲ್ಲೇ ಇಡಿ, ಲೈಟ್ ನೇರ ಬೀಳದ ಹಾಗೆ ಮರೆ ಮಾಡಿ. ರೂಮಿನ ಗೋಡೆ ಮೇಲಿರೋ ಮೀಟರ್ ನೋಡಿ ಗಾಜಿನ ಪೆಟ್ಟಿಗೆ ಒಳಗಿನ ಸ್ಥಿತಿ ಊಹೆ ಮಾಡಿದ್ರೆ ತಪ್ಪತ್ತೆ, ಯಾಕಂದ್ರೆ ಲೈಟ್ ಉರೀತಿರೋ ಮುಚ್ಚಿದ ಪೆಟ್ಟಿಗೆ ರೂಮಿಗಿಂತ ನಾಲ್ಕೈದು ಡಿಗ್ರಿ ಬಿಸಿ ಇರೋದು ಮಾಮೂಲಿ. ತಂಪು ಬೇಡೋ ಜಾತಿಗಳಿಗೆ ಹಗಲು 18ರಿಂದ 24 ಡಿಗ್ರಿ, ರಾತ್ರಿ 10ರಿಂದ 14 ಡಿಗ್ರಿ, ಹ್ಯುಮಿಡಿಟಿ 75ರಿಂದ 90, ಇದು ಗುರಿ. ನಿಮ್ಮ ಅಳತೆಯನ್ನ ಇದರ ಪಕ್ಕ ಬರೆದಿಟ್ಕೊಳ್ಳಿ, ಮುಂದಿನ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಸಿಗತ್ತೆ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ನೀರು, ಫ್ಯಾನ್, ಲೈಟ್, ಪಂಪ್ ಎಲ್ಲ ಒಂದೇ ಪೆಟ್ಟಿಗೇಲಿ ಇರತ್ತೆ. ಕೈ ಹಾಕೋಕೆ ಮುಂಚೆ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲ್ದು. ವೈರ್ ಸಾಕೆಟ್‌ಗೆ ಹೋಗೋ ಮುಂಚೆ ಒಂದು ಸಲ ಕೆಳಗೆ ಜೋತು ಬಿದ್ದು ಮೇಲೆ ಹೋಗೋ ಹಾಗಿರ್ಲಿ, ವೈರ್ ಮೇಲೆ ಇಳಿಯೋ ನೀರು ಅಲ್ಲೇ ತೊಟ್ಟಿಕ್ಕತ್ತೆ. ಕರೆಂಟ್ ಸೋರಿದ್ರೆ ತಾನೇ ಟ್ರಿಪ್ ಆಗೋ ಬ್ರೇಕರ್ ಇಲ್ಲದ ಲೈನಿಗೆ ಈ ಸೆಟಪ್ ಹಾಕ್ಬೇಡಿ. ಮುಟ್ಟಿದಾಗ ಜುಮ್ ಅಂದ್ರೆ, ಬ್ರೇಕರ್ ಪದೇ ಪದೇ ಬಿದ್ರೆ, ಗಿಡದ ಯೋಚನೆ ಬಿಟ್ಟು ಎಲೆಕ್ಟ್ರಿಷಿಯನ್ ಕರೀರಿ.

ಹಸಿರಾಗಿರೋ ಎಲೆನೇ ಕಳಚಿ ಬೀಳ್ತಿದೆ

ಇದೇ ಎಲ್ಲಕ್ಕಿಂತ ಹೆಚ್ಚು ಜನ ಕೇಳೋದು, ಎಲ್ಲಕ್ಕಿಂತ ಹೆಚ್ಚು ತಪ್ಪು ಚಿಕಿತ್ಸೆ ಆಗೋದೂ ಇದಕ್ಕೇನೆ. ಮೊದಲು ಯಾವ ಎಲೆ ಅಂತ ನೋಡಿ. ತುಂಬಾ ಹಳೇದು, ನಿಧಾನಕ್ಕೆ ಹಳದಿಯಾಗಿ ಒಂದೊಂದೇ ಬೀಳ್ತಿದ್ರೆ ವಯಸ್ಸಾಗಿದೆ ಅಷ್ಟೇ, ಸುಮ್ನಿರಿ. ಆದ್ರೆ ಹಸಿರೆಲೆ, ಅದೂ ಹೊಸದು ಹಳೇದು ಅಂತ ಭೇದ ಇಲ್ದೆ, ಕಡ್ಡಿ ಮತ್ತು ಎಲೆ ಸೇರೋ ಸಂದಲ್ಲಿ ನೀಟಾಗಿ ಕಳಚ್ಕೊಂಡು ಕೆಲವೇ ದಿನದಲ್ಲಿ ಐದಾರು ಬಿದ್ರೆ ಅದು ಬಿಸಿಯ ಲಕ್ಷಣ, ಅದ್ರಲ್ಲೂ ರಾತ್ರಿ ಬಿಸಿ. ಗಿಡ ಹಗಲು ಬೆಳಕಲ್ಲಿ ಮಾಡ್ಕೊಂಡ ಆಹಾರನ ರಾತ್ರಿ ಉಸಿರಾಟದಲ್ಲಿ ಸುಡತ್ತೆ, ರಾತ್ರಿ ಬಿಸಿ ಇದ್ದಷ್ಟೂ ಜಾಸ್ತಿ ಸುಡತ್ತೆ, ಗಳಿಸಿದ್ದಕ್ಕಿಂತ ಖರ್ಚು ಹೆಚ್ಚಾದಾಗ ಎಲೆ ಕೈಬಿಡತ್ತೆ. ಹಗಲು ಒಂದೆರಡು ಗಂಟೆ 27 ಡಿಗ್ರಿ ಆದ್ರೂ ತಡ್ಕೊಳ್ಳೋ ಗಿಡ, ರಾತ್ರಿ 21ಕ್ಕಿಂತ ಕೆಳಗೆ ಇಳೀದೇ ಇದ್ರೆ ತಿಂಗಳೊಳಗೆ ಸೋತುಬಿಡತ್ತೆ.

ಸುಲಭದ್ದು ಮೊದಲು ಮಾಡಿ. ಪೆಟ್ಟಿಗೇನ ನೆಲದ ಹತ್ರ ಇಳಿಸಿ, ಬಿಸಿ ಗಾಳಿ ಮೇಲೇರತ್ತೆ. ಲೈಟಿನ ಡ್ರೈವರ್ ಅಂದ್ರೆ ಆ ಬಿಸಿಯಾಗೋ ಡಬ್ಬಿ ಪೆಟ್ಟಿಗೆ ಒಳಗಿದ್ರೆ ಹೊರಗೆ ತೆಗೀರಿ, ಪೂರ್ತಿ ಲೈಟೇ ಗಾಜಿನ ಮೇಲೆ ಸ್ವಲ್ಪ ಎತ್ತರದಲ್ಲಿ ಕೂತ್ರೆ ಇನ್ನೂ ಒಳ್ಳೇದು. ಲೈಟ್ 14 ಗಂಟೆ ಇದ್ರೆ ಬಿಸಿ ತಿಂಗಳುಗಳಲ್ಲಿ 11ಕ್ಕೆ ಇಳಿಸಿ. ಗೊಬ್ಬರ ನಿಲ್ಲಿಸಿ.

ಇಷ್ಟಾದ ಮೇಲೆ ಗಾಳಿ. ತುಂಬಾ ಜನಕ್ಕೆ ಹ್ಯುಮಿಡಿಟಿ 98 ತೋರಿಸಿದ್ರೆ ಸಮಾಧಾನ, ಆದ್ರೆ ಸೆಕೇಲಿ ಅದೇ ಅಪಾಯ. ಒದ್ದೆ ಬಟ್ಟೆ ಸುತ್ತಿದ ಮಡಕೆ ತಣ್ಣಗಾಗೋದು ನೀರು ಆವಿಯಾಗೋದ್ರಿಂದ, ಮಾಸ್ ಮತ್ತು ಬೇರು ತಣ್ಣಗಿರೋದೂ ಅದ್ರಿಂದಾನೆ. ಗಾಳಿ ಆಗ್ಲೇ ನೀರಿಂದ ತುಂಬಿದ್ರೆ ಆವಿಯಾಗೋಕೆ ಜಾಗ ಇಲ್ಲ. 24 ಡಿಗ್ರೀಲಿ ಹ್ಯುಮಿಡಿಟಿ 70 ಇದ್ದು ಫ್ಯಾನ್ ಓಡ್ತಿದ್ರೆ ಒದ್ದೆ ಮಾಸ್ ಸುಮಾರು 20ರ ಹತ್ರ ಇಳಿಯೋಕೆ ಸಾಧ್ಯ, ಅದೇ 24 ಡಿಗ್ರೀಲಿ ಹ್ಯುಮಿಡಿಟಿ 98 ಇದ್ರೆ ಮಾಸ್ ಕೂಡ 24ರಲ್ಲೇ ನಿಲ್ಲತ್ತೆ. ಹಂಗಾಗಿ ಸೆಕೆ ದಿನಗಳಲ್ಲಿ ಫಾಗರ್ ಜೋರು ಮಾಡೋ ಬದ್ಲು ಫ್ಯಾನ್ ಜೋರು ಮಾಡಿ, ಮುಚ್ಚಳ ಒಂದೆರಡು ಬೆರಳು ತೆರೀರಿ, ಮಾಸ್ ಒಣಗದ ಹಾಗೆ ನೀರು ಮಾತ್ರ ನೋಡ್ಕೊಳ್ಳಿ. ಫ್ಯಾನ್ ಗಾಳಿ ಗಿಡಕ್ಕೆ ನೇರ ಹೊಡೀಬಾರದು, ಗಾಜಿಗೆ ತಾಗಿ ತಿರುಗಿ ಬರ್ಲಿ. ತೆಳು ಎಲೆಯೊಂದು ಸ್ವಲ್ಪ ಅಲ್ಲಾಡಿದ್ರೆ ಸಾಕು. ರಾತ್ರಿ ಫ್ಯಾನ್ ಆಫ್ ಮಾಡೋ ಅಭ್ಯಾಸ ಇದ್ರೆ ಬಿಟ್ಬಿಡಿ.

ಐಸ್ ಬಾಟಲಿ ಇಡೋದು ತುರ್ತಿಗೆ ಒಂದೆರಡು ರಾತ್ರಿ ನಡಿಯತ್ತೆ, ಗಿಡಕ್ಕೆ ತಾಗದ ಹಾಗೆ ಇಡಿ. ಅದನ್ನೇ ವರ್ಷಪೂರ್ತಿ ನಂಬ್ಕೊಂಡು ಇರೋಕಾಗಲ್ಲ. ಇಷ್ಟೆಲ್ಲ ಮಾಡಿದ್ರೂ ರಾತ್ರಿ 18ಕ್ಕಿಂತ ಕೆಳಗೆ ಬರ್ಲೇ ಇಲ್ಲ ಅಂದ್ರೆ ಎರಡೇ ದಾರಿ: ಎಸಿ ರೂಮೋ ಥರ್ಮೋಸ್ಟಾಟ್ ಹಾಕಿದ ವೈನ್ ಕೂಲರೋ ಮಾಡ್ಕೊಳ್ಳೋದು, ಇಲ್ಲಾ ಗಿಡ ಬದಲಾಯಿಸೋದು. ಎರಡನೇದು ಸೋಲಲ್ಲ, ನನ್ನ ಪ್ರಕಾರ ಹೆಚ್ಚಿನವರಿಗೆ ಅದೇ ಸರಿಯಾದ ಉತ್ತರ. ಮಾಸ್ಡೆವಾಲಿಯಾ ವೀಚಿಯಾನಾ, ಮಾಸ್ಡೆವಾಲಿಯಾ ಕಾಕ್ಸಿನಿಯಾ ಥರದವು ನಿಜವಾಗ್ಲೂ ತಣ್ಣಗೇ ಬೇಕು ಅನ್ನೋವು. ಮಾಸ್ಡೆವಾಲಿಯಾ ಇನ್‌ಫ್ರಾಕ್ಟಾ, ಮಾಸ್ಡೆವಾಲಿಯಾ ಫ್ಲೋರಿಬಂಡಾ, ಸ್ಪೆಕ್ಲಿನಿಯಾ ಗ್ರೋಬಿಯೈ, ಸುಮಾರು ರೆಸ್ಟ್ರೆಪಿಯಾಗಳು ಇನ್ನೂ ನಾಲ್ಕೈದು ಡಿಗ್ರಿ ಬಿಸಿ ತಡ್ಕೊಂಡು ಹೂ ಬಿಡತ್ತೆ.

ಎಲೆ ಸುಕ್ಕು ಬಿದ್ದಿದೆ, ಮಾಸ್ ಮಾತ್ರ ಒದ್ದೆಯಾಗೇ ಇದೆ

ಮಾಸ್ ಒಣಗಿದ್ದು ಎಲೆ ಸುಕ್ಕಾಗಿದ್ರೆ ನೀರು ಹಾಕಿ, ಒಂದೆರಡು ದಿನದಲ್ಲಿ ಸರಿಹೋಗತ್ತೆ, ಕಥೆ ಮುಗೀತು. ಆದ್ರೆ ಮಾಸ್ ಒದ್ದೆ ಇದ್ದೂ ಎಲೆ ಸುಕ್ಕಾದ್ರೆ ಕುಡಿಯೋಕೆ ಬೇರೇ ಇಲ್ಲ ಅಂತ ಅರ್ಥ. ಇಲ್ಲಿ ಇನ್ನಷ್ಟು ನೀರು ಹಾಕೋದು ಅತಿ ಕೆಟ್ಟ ಕೆಲಸ.

ಮೊದಲು ಮೂಸಿ ನೋಡಿ. ಒಳ್ಳೇ ಮಾಸ್ ಕಾಡಿನ ಮಣ್ಣಿನ ವಾಸನೆ ಬರತ್ತೆ, ಹಾಳಾಗಿರೋದು ಹುಳಿ ಇಲ್ಲಾ ಚರಂಡಿ ವಾಸನೆ. ಬೆರಳಲ್ಲಿ ಒತ್ತಿ, ಪುಟಿದು ಮೇಲೆ ಬರ್ಲಿಲ್ಲ, ಲೋಳೆ ಥರ ಇದೆ ಅಂದ್ರೆ ಅದರ ಆಯಸ್ಸು ಮುಗಿದಿದೆ. ಕುಂಡಕ್ಕೆ ತುಂಬೋ ಸ್ಫ್ಯಾಗ್ನಮ್ ಮಾಸ್ ವರ್ಷ ಒಂದೂವರೆ ವರ್ಷಕ್ಕೆ ಹೀಗಾಗೋದು ಸಹಜ, ಗಟ್ಟಿಯಾಗಿ ತುಂಬಿದ್ರೆ ಇನ್ನೂ ಬೇಗ. ಆಮೇಲೆ ಗಿಡನ ಕುಂಡದಿಂದ ಎತ್ತಿ ಬೇರು ನೋಡಿ. ಜೀವಂತ ಬೇರು ಬಿಳಿ ಇರಬಹುದು, ಕಂದು ಇರಬಹುದು, ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ, ಮೆಲ್ಲಗೆ ಎಳೆದು ನೋಡಿ, ಗಟ್ಟಿ ಇದ್ರೆ ಬದುಕಿದೆ. ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು ಒಳಗೆ ತಂತಿ ಥರ ಒಂದು ಎಳೆ ಮಾತ್ರ ಉಳಿದ್ರೆ ಸತ್ತಿದೆ.

ಸತ್ತಿದ್ದನ್ನ ಕತ್ತರಿಸಿ, ಹೊಸ ಮಾಸ್‌ನ ಸಡಿಲವಾಗಿ ಸುತ್ತಿ, ಬೇರಿನ ಗಾತ್ರಕ್ಕೆ ಸರಿಹೋಗೋ ಸಣ್ಣ ಕುಂಡಕ್ಕೆ ಹಾಕಿ. ದೊಡ್ಡ ಕುಂಡ ಕೊಟ್ರೆ ಚೆನ್ನಾಗಿ ಬೆಳೆಯತ್ತೆ ಅನ್ನೋದು ಈ ಗಿಡಗಳ ವಿಷಯದಲ್ಲಿ ಸುಳ್ಳು, ಬೇರು ತಲುಪದ ಮಾಸ್ ಒಣಗೋದೇ ಇಲ್ಲ, ಅಲ್ಲಿಂದಾನೇ ಕೊಳೆಯೋಕೆ ಶುರು. ಕುಂಡ ಬದಲಾಯಿಸೋ ಕೆಲಸ ತಂಪಿನ ತಿಂಗಳಲ್ಲಿ ಮಾಡೋದು ಒಳ್ಳೇದು, ಆದ್ರೆ ಬೇರು ಕೊಳೀತಿದ್ರೆ ಕಾಲ ನೋಡ್ತಾ ಕೂರ್ಬೇಡಿ.

ಒಣ ಮಾಸ್ ಪುಡಿ ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕಿ, ಮೊದಲು ಒದ್ದೆ ಮಾಡ್ಕೊಂಡು ಆಮೇಲೆ ಬಿಡಿಸಿ, ಕೈಗೆ ಗ್ಲೌಸ್ ಇರ್ಲಿ. ಸ್ಫ್ಯಾಗ್ನಮ್‌ನಲ್ಲಿ ಇರೋ ಒಂದು ಶಿಲೀಂಧ್ರ ಚರ್ಮದ ಗಾಯದ ಮೂಲಕ ಒಳಗೆ ಹೋಗಿ ಸ್ಪೋರೋಟ್ರೈಕೋಸಿಸ್ ಅನ್ನೋ ಕಾಯಿಲೆ ತರತ್ತೆ. ಅಪರೂಪ, ಆದ್ರೂ ಮಾಸ್ ಕೆಲಸ ಮಾಡಿದ ಕೆಲವು ವಾರಕ್ಕೆ ಕೈಯಲ್ಲಿ ವಾಸಿಯಾಗದ ಗಂಟು ಎದ್ರೆ ಡಾಕ್ಟರ್ ಹತ್ರ ಹೋಗಿ, ಮಾಸ್ ಮುಟ್ಟಿದ್ದೆ ಅಂತ ಹೇಳೋದು ಮರೀಬೇಡಿ.

ಎಲೆ ತುದಿ ಕಪ್ಪಾಗ್ತಿದೆ

ಒಣಗಿ ಗರಿಗರಿ ಆಗಿದ್ಯಾ, ಮೆತ್ತಗೆ ನೀರು ನೀರಾಗಿದ್ಯಾ? ಮೆತ್ತಗಿದ್ರೆ ಸೀದಾ ಮುಂದಿನ ಭಾಗಕ್ಕೆ ಹೋಗಿ, ಅದು ಬೇರೆ ಕಾಯಿಲೆ.

ಒಣಗಿದ ತುದಿ, ಹಸಿರಿಗೂ ಕಪ್ಪಿಗೂ ನಡುವೆ ಸ್ಪಷ್ಟ ಗೆರೆ, ನಿಧಾನಕ್ಕೆ ಬೆಳೀತಿದೆ ಅಂದ್ರೆ ಹೆಚ್ಚಿನಂಶ ಉಪ್ಪಿನಂಶ ಜಾಸ್ತಿಯಾಗಿದೆ. ಕಾಡಲ್ಲಿ ಇವು ಕುಡಿಯೋದು ಮೋಡದ ನೀರು, ಅದ್ರಲ್ಲಿ ಲವಣ ಇಲ್ಲ ಅನ್ನಬಹುದು. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಲವಣ ಅಳೆಯೋದು) ತಗೊಂಡು ನೀವು ಹಾಕೋ ನೀರು ಅಳೀರಿ. 50 ಪಿಪಿಎಂ ಒಳಗಿದ್ರೆ ಚೆನ್ನ, 100 ದಾಟಿದ್ರೆ ಸೂಕ್ಷ್ಮ ಜಾತಿಗಳಲ್ಲಿ ತೊಂದ್ರೆ ಕಾಣೋಕೆ ಶುರುವಾಗತ್ತೆ. ಆಮೇಲೆ ಅದೇ ನೀರನ್ನ ಕುಂಡದ ಮೇಲಿಂದ ನಿಧಾನಕ್ಕೆ ಹಾಕಿ, ಕೆಳಗೆ ಸೋರಿದ್ದನ್ನ ಹಿಡಿದು ಅಳೀರಿ. ಹಾಕಿದ್ದಕ್ಕಿಂತ ಮೂರು ನಾಲ್ಕು ಪಟ್ಟು ಬಂದ್ರೆ ಮಾಸ್ ಒಳಗೆ ಗೊಬ್ಬರದ ಉಪ್ಪು ಕೂಡಿದೆ. ಶುದ್ಧ ಮಳೆ ನೀರೋ ಆರ್‌ಓ ನೀರೋ ಧಾರಾಳವಾಗಿ ಹಾಯಿಸಿ ತೊಳೀರಿ, ಎರಡೂ ನಂಬರ್ ಹತ್ತಿರ ಬರೋವರೆಗೆ. ಗೊಬ್ಬರ ಇನ್ಮೇಲೆ ಲೇಬಲ್ ಹೇಳಿದ್ದರ ನಾಲ್ಕನೇ ಒಂದು ಭಾಗ ಇಲ್ಲಾ ಇನ್ನೂ ಕಮ್ಮಿ, ನಡುನಡುವೆ ಬರೀ ನೀರು. ಮನೇಲಿ ನೀರು ಮೆದು ಮಾಡೋ ಸಾಫ್ಟ್‌ನರ್ ಇದ್ರೆ ಆ ನೀರು ಬೇಡವೇ ಬೇಡ, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡತ್ತೆ.

ನೀರು ಶುದ್ಧ ಇದ್ದೂ ಹೊಸ ಎಲೆಗಳ ತುದಿ ಮಾತ್ರ ಕಪ್ಪಾದ್ರೆ ಉಲ್ಟಾ ಕಾರಣ ಇರಬಹುದು. ಬರೀ ಆರ್‌ಓ ನೀರು, ಕ್ಯಾಲ್ಸಿಯಂ ಇಲ್ಲದ ಗೊಬ್ಬರ, ವರ್ಷಗಟ್ಟಲೆ ಹೀಗೇ ನಡೆದ್ರೆ ಕ್ಯಾಲ್ಸಿಯಂ ಕೊರತೆ ಮೊದಲು ಕಾಣೋದು ಹೊಸ ಚಿಗುರಲ್ಲೇ. ಕ್ಯಾಲ್ಸಿಯಂ ಮೆಗ್ನೀಷಿಯಂ ಇರೋ ಗೊಬ್ಬರಕ್ಕೆ ಬದಲಾಯಿಸಿ. ಈಗಾಗ್ಲೇ ಕಪ್ಪಾದ ತುದಿ ಮತ್ತೆ ಹಸಿರಾಗಲ್ಲ, ಹೊಸ ಎಲೆ ಹೇಗೆ ಬರತ್ತೆ ಅಂತ ನೋಡಿ ಅಳೀಬೇಕು.

ಮೆತ್ತಗಿನ ನೀರು ನೀರಾದ ಕಲೆ, ಇಲ್ಲಾ ಕಡ್ಡಿ ಬುಡದಿಂದ ಕಪ್ಪು

ಇಲ್ಲಿ ಕಾಯ್ಬೇಡಿ. ನಿನ್ನೆಗಿಂತ ಇವತ್ತು ಕಲೆ ದೊಡ್ಡದಾಗಿದೆ, ಬೆಳಕಿಗೆ ಹಿಡಿದ್ರೆ ಪಾರದರ್ಶಕ ಕಾಣತ್ತೆ, ಸುತ್ತ ಹಳದಿ ಉಂಗುರ ಇದೆ, ಕೆಟ್ಟ ವಾಸನೆ ಇದೆ, ಇವೆಲ್ಲ ಬ್ಯಾಕ್ಟೀರಿಯಾ ಕೊಳೆಯ ಕಡೆ ಬೆರಳು ತೋರಿಸತ್ತೆ. ಎಲೆ ಮೇಲೆ ನೀರು ರಾತ್ರಿಯೆಲ್ಲ ನಿಂತಿರೋದು ಮತ್ತು ಗಾಳಿ ಆಡದೇ ಇರೋದು ಇದಕ್ಕೆ ದಾರಿ. ಲೆಪಾಂಥಿಸ್ ಕಡ್ಡಿ ಮೇಲೆ ಸಾಲಾಗಿ ಇರೋ ತುತ್ತೂರಿ ಆಕಾರದ ಕವಚಗಳಲ್ಲಿ ನೀರು ಸಿಕ್ಕಿಹಾಕ್ಕೊಳ್ಳೋದೂ ಉಂಟು, ಕಾಡಲ್ಲಿ ಗಾಳಿ ಅದನ್ನ ಒಣಗಿಸತ್ತೆ, ಮುಚ್ಚಿದ ಪೆಟ್ಟಿಗೇಲಿ ಯಾರೂ ಒಣಗಿಸಲ್ಲ.

ಗಿಡನ ತಕ್ಷಣ ಬೇರೆ ಇಡಿ. ಬ್ಲೇಡನ್ನ ಬೆಂಕೀಲಿ ಕಾಯಿಸಿ ಆರಿಸಿ, ಕಲೆಯಿಂದ ಆಚೆ ಆರೋಗ್ಯವಾಗಿರೋ ಜಾಗದಲ್ಲಿ ಕತ್ತರಿಸಿ, ಪ್ರತಿ ಕಟ್ ಆದ ಮೇಲೂ ಮತ್ತೆ ಕಾಯಿಸಿ. ಸ್ಪಿರಿಟ್ ಬಾಟಲಿ ಪಕ್ಕದಲ್ಲಿಟ್ಕೊಂಡು ಬೆಂಕಿ ಹಚ್ಬೇಡಿ. ಹೀಗೆ ಬ್ಲೇಡ್ ಶುದ್ಧ ಮಾಡೋದು ವೈರಸ್ ಹರಡೋದನ್ನೂ ತಡೆಯತ್ತೆ. ಕತ್ತರಿಸಿದ ಮೇಲೆ ಗಿಡಕ್ಕೆ ಬೇಕಾಗಿರೋದು ತಂಪು ಮತ್ತು ಗಾಳಿ. ಮೇಲಿಂದ ಸ್ಪ್ರೇ ಮಾಡೋದು ನಿಲ್ಲಿಸಿ, ಇನ್ಮುಂದೆ ಸ್ಪ್ರೇ ಬೆಳಿಗ್ಗೆ ಮಾತ್ರ, ಲೈಟ್ ಆರೋ ಹೊತ್ತಿಗೆ ಎಲೆ ಒಣಗಿರ್ಬೇಕು. ದಾಲ್ಚಿನ್ನಿ ಪುಡಿ ಹಾಕೋದಾದ್ರೆ ಕತ್ತರಿಸಿದ ಜಾಗಕ್ಕೆ ಮಾತ್ರ, ಬೇರಿಗೆ ತಾಗಿದ್ರೆ ಅದನ್ನೂ ಒಣಗಿಸತ್ತೆ. ಶಿಲೀಂಧ್ರದ ಔಷಧಿ ಬ್ಯಾಕ್ಟೀರಿಯಾಗೆ ನಾಟಲ್ಲ, ಕಾಪರ್ ಇರೋದು ಮಾಸ್‌ನ ಸಾಯಿಸತ್ತೆ, ಮುಚ್ಚಿದ ಪೆಟ್ಟಿಗೆ ಒಳಗಾಗ್ಲಿ ರೂಮಲ್ಲಾಗ್ಲಿ ಯಾವ ಔಷಧೀನೂ ಹೊಡೀಬೇಡಿ, ಹೊರಗೆ ಗಾಳಿ ಆಡೋ ಕಡೆ, ಮಕ್ಕಳು ಪ್ರಾಣಿ ಇಲ್ಲದ ಕಡೆ ಮಾಡಿ.

ಬುಡದ ದಿಂಡೇ ಕಪ್ಪಾಗಿ ಮೆತ್ತಗಾಗಿದ್ರೆ, ಹೊಸ ಚಿಗುರು ಬರೋ ಜಾಗ ಹೋಯ್ತು ಅಂತ ಅರ್ಥ. ಅಲ್ಲಿಗೆ ಆ ಗಿಡದ ಚಿಕಿತ್ಸೆ ನಿಲ್ಲಿಸಿ ಪಕ್ಕದ ಗಿಡಗಳನ್ನ ಉಳಿಸ್ಕೊಳ್ಳಿ.

ಗಿಡ ಚೆನ್ನಾಗಿದೆ, ಹೂವೇ ಇಲ್ಲ

ಎಲೆ ಕಡು ಹಸಿರಾಗಿ ಉದ್ದುದ್ದ ಬರ್ತಿದ್ರೆ ಬೆಳಕು ಕಮ್ಮಿ. ಫೋನ್ ಆ್ಯಪಲ್ಲಿ ಎಲೆ ಎತ್ತರದಲ್ಲಿ ಅಳೆದ್ರೆ 8,000ದಿಂದ 15,000 ಲಕ್ಸ್ ಹೆಚ್ಚಿನವಕ್ಕೆ ಸಾಕು. ಎಲೆ ಹಳದಿ ಮಿಶ್ರಿತ ಆಗಿ ಅಂಚು ಕೆಂಪಾದ್ರೆ ಬೆಳಕು ಜಾಸ್ತಿ, ಆದ್ರೆ ಲೆಪಾಂಥಿಸ್‌ನ ಸುಮಾರು ಜಾತಿಗಳಲ್ಲಿ ಎಲೆ ಹಿಂಭಾಗ ನೇರಳೆ ಇರೋದು ಹುಟ್ಟುಗುಣ, ಲೆಪಾಂಥಿಸ್ ಕ್ಯಾಲೊಡಿಕ್ಟಿಯಾನ್ ಎಲೆ ಮೇಲಿನ ಕಂದು ಬಲೆಯೂ ಹಾಗೇನೆ, ಅದನ್ನ ರೋಗ ಅನ್ಕೋಬೇಡಿ. ಹಗಲು ರಾತ್ರಿಗೆ ಏಳೆಂಟು ಡಿಗ್ರಿ ವ್ಯತ್ಯಾಸ ಇಲ್ಲದಿದ್ರೂ ಕೆಲವು ಹೂ ಬಿಡಲ್ಲ.

ಮೊಗ್ಗು ಬಂದು ಸಾಸಿವೆ ಗಾತ್ರದಲ್ಲೇ ಒಣಗಿ ಬಿದ್ರೆ ಬೆಳಕಿನ ತಪ್ಪಲ್ಲ. ಯಾವಾಗ್ಲೋ ಮುಚ್ಚಳ ತೆರೆದಿಟ್ಟು ಹ್ಯುಮಿಡಿಟಿ ಧಡಕ್ಕನೆ ಬಿದ್ದಿದೆ, ಇಲ್ಲಾ ಒಂದು ರಾತ್ರಿ ತುಂಬಾ ಬಿಸಿಯಾಗಿದೆ. ಹೂ ಉದುರಿದ ಮೇಲೆ ಹಸಿರಾಗಿರೋ ಹೂಕಡ್ಡಿ ಕತ್ತರಿಸ್ಬೇಡಿ, ಲೆಪಾಂಥಿಸ್, ಪೊರೊಗ್ಲೋಸಮ್, ಎಷ್ಟೋ ಡ್ರಾಕುಲಾಗಳು ಅದೇ ಕಡ್ಡೀಲಿ ಮತ್ತೆ ಮತ್ತೆ ಹೂ ಬಿಡತ್ತೆ.

ಡ್ರಾಕುಲಾ ಹೂ ಬಿಡ್ತಿಲ್ಲ ಅಂದ್ರೆ ಕುಂಡದ ಕೆಳಗೆ ನೋಡಿ. ತುಂಬಾ ಡ್ರಾಕುಲಾಗಳ ಹೂಕಡ್ಡಿ ಮಾಸ್ ಒಳಗೆ ಇಳಿದು ಕೆಳಗಿಂದ ಹೊರಗೆ ಬರ್ಬೇಕು, ಪ್ಲಾಸ್ಟಿಕ್ ಕುಂಡದಲ್ಲಿ ದಾರಿ ಸಿಗದೆ ಒಳಗೇ ಕೊಳೆತು ಹೋಗತ್ತೆ. ಜಾಲರಿ ಬುಟ್ಟೀಲಿ ಹಾಕಿ ನೇತು ಹಾಕಿದ್ರೆ ಎಷ್ಟೋ ಸಲ ಅಷ್ಟೇ ಸಾಕು. ಸಸ್ಯಶಾಸ್ತ್ರಜ್ಞ ಕಾರ್ಲೈಲ್ ಲ್ಯೂಯರ್ 1978ರಲ್ಲಿ ಬೇರೆ ಮಾಡೋವರೆಗೂ ಡ್ರಾಕುಲಾಗಳು ಮಾಸ್ಡೆವಾಲಿಯಾ ಕುಲದಲ್ಲೇ ಇದ್ವು, ಹಂಗಾಗಿ ಹಳೇ ಹೆಸರಿನ ಲೇಬಲ್ ಇರೋ ಗಿಡ ಹೂ ಬಿಡದಿದ್ರೆ ಅದು ಡ್ರಾಕುಲಾನಾ ಅಂತ ಒಮ್ಮೆ ನೋಡಿ.

ಬೇರಿನ ತುದಿ ಕಾಣೆ, ಸಣ್ಣ ಹುಳ, ಪಾಚಿ

ಹೊಸ ಬೇರು ಬರತ್ತೆ, ಎರಡು ದಿನಕ್ಕೆ ಹಸಿರು ತುದಿ ಮಾಯ. ಇದು ಮಾಸ್ ಒಳಗಿರೋ ಸಣ್ಣ ಬಸವನಹುಳು. ರಾತ್ರಿ ಸೌತೆಕಾಯಿ ಹೋಳು ಇಟ್ಟು ಬೆಳಿಗ್ಗೆ ಅಡಿ ನೋಡಿ, ಸಿಕ್ಕಿದ್ದನ್ನ ತೆಗೀರಿ, ವಾರಗಟ್ಟಲೆ ಬಿಡದೆ ಮಾಡ್ಬೇಕು. ವಿಷದ ಕಾಳು ಹಾಕೋದೇ ಆದ್ರೆ ಐರನ್ ಫಾಸ್ಫೇಟ್ ಇರೋದು ನೋಡಿ. ಮೆಟಾಲ್ಡಿಹೈಡ್ ಇರೋದು ನಾಯಿ ಬೆಕ್ಕಿಗೆ ಪ್ರಾಣಕ್ಕೇ ಅಪಾಯ, ಸಾಕುಪ್ರಾಣಿ ಇರೋ ಮನೇಲಿ ಬೇಡ.

ಹಾರೋ ಕಪ್ಪು ಸಣ್ಣ ನೊಣ ದೊಡ್ಡ ಗಿಡಕ್ಕೆ ಏನೂ ಮಾಡಲ್ಲ, ಮಾಸ್ ಹಾಳಾಗ್ತಿದೆ ಅಂತ ಹೇಳ್ತಿದೆ ಅಷ್ಟೇ, ಹಳದಿ ಅಂಟು ಕಾರ್ಡ್ ಸಾಕು. ಈ ಫಂಗಸ್ ನ್ಯಾಟ್‌ಗಳ ಸಂಬಂಧಿಯೇ ಕಾಡಲ್ಲಿ ಲೆಪಾಂಥಿಸ್ ಪರಾಗಸ್ಪರ್ಶ ಮಾಡೋದು: ಹೂವನ್ನ ಹೆಣ್ಣು ಅನ್ಕೊಂಡು ಗಂಡು ನೊಣ ಬಂದು ಕೂರತ್ತೆ ಅಂತ ಕೋಸ್ಟರಿಕಾದ ಅಧ್ಯಯನ 2005ರಲ್ಲಿ ಪ್ರಕಟವಾಯ್ತು. ಕೆಲವೇ ಮಿಲಿಮೀಟರ್ ಹೂವಲ್ಲಿ ಇಷ್ಟೆಲ್ಲ ನಡೆಯತ್ತೆ ಅನ್ನೋದೇ ನನಗೆ ಈ ಗಿಡಗಳ ಮೇಲಿನ ಪ್ರೀತಿಗೆ ದೊಡ್ಡ ಕಾರಣ.

ಮಾಸ್ ಮೇಲೆ ಕಡು ಹಸಿರು ಲೋಳೆ ಪಾಚಿ ಬಂದ್ರೆ ಗೊಬ್ಬರ ಜಾಸ್ತಿ, ಗಾಳಿ ಕಮ್ಮಿ. ಜೀವಂತ ಮಾಸ್ ಬೆಳೆದು ಪ್ಲಾಟಿಸ್ಟೀಲಿ ಥರದ ತೀರ ಸಣ್ಣವನ್ನ ಮುಚ್ಚಿದ್ರೆ ಟ್ವೀಜರ್ ಹಿಡಿದು ಕೀಳದೆ ಕತ್ತರೀಲಿ ಸವರಿ, ಕಿತ್ರೆ ಬೇರೂ ಜೊತೆಗೆ ಬರತ್ತೆ. ಎಲೆ ಮೇಲೆ ಬಿಳಿ ಪುಡಿ ಕೂತು ಒರೆಸಿದ್ರೆ ಹೋದ್ರೆ ಅದು ಫಾಗರ್ ಉಗುಳಿದ ಗಡಸು ನೀರಿನ ಲವಣ. ಫಾಗರ್‌ಗೆ ಆರ್‌ಓ ನೀರೇ ಹಾಕಿ, ವಾರಕ್ಕೊಮ್ಮೆಯಾದ್ರೂ ಟ್ಯಾಂಕ್ ತೊಳೆದು ಒಣಗಿಸಿ, ನಿಂತ ನೀರಲ್ಲಿ ಬೆಳೆದ ಬ್ಯಾಕ್ಟೀರಿಯಾ ಆ ಮಂಜಿನ ಜೊತೆ ನಿಮ್ಮ ಶ್ವಾಸಕೋಶಕ್ಕೂ ಹೋಗತ್ತೆ.

ಯಾವಾಗ ಬೇರೆಯವರನ್ನ ಕೇಳ್ಬೇಕು

ಅಳತೆಗಳೆಲ್ಲ ಗುರಿ ಒಳಗಿದ್ದು, ಬೇರೂ ಚೆನ್ನಾಗಿದ್ದು, ಎಲೇಲಿ ಗೆರೆ ಗೆರೆ, ಉಂಗುರ, ಗುಳಿ ಬಿದ್ದ ಮಚ್ಚೆ ಹೊಸ ಎಲೆಗೂ ಬರ್ತಿದ್ರೆ ವೈರಸ್ ಇರಬಹುದು. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಟೆಸ್ಟ್ ಸ್ಟ್ರಿಪ್ ಇಲ್ಲಾ ಲ್ಯಾಬ್ ಬೇಕು. ವೈರಸ್‌ಗೆ ಔಷಧಿ ಇಲ್ಲ. ಒಂದೇ ವಾರದಲ್ಲಿ ಬೇರೆ ಬೇರೆ ಜಾತಿಯ ಗಿಡಗಳು ಒಟ್ಟಿಗೆ ಹಾಳಾದ್ರೂ ಅನುಭವ ಇರೋರನ್ನ ಕೇಳಿ. ಕೇಳುವಾಗ ರಾತ್ರಿ ಕನಿಷ್ಠ, ಹಗಲು ಗರಿಷ್ಠ, ಹ್ಯುಮಿಡಿಟಿ, ನೀರಿನ ಟಿಡಿಎಸ್, ಕೊನೇ ಸಲ ಮಾಸ್ ಬದಲಾಯಿಸಿದ್ದು ಯಾವಾಗ, ಬೇರಿನ ಫೋಟೋ, ಇಷ್ಟು ಕೊಡಿ. ಬರೀ ಎಲೆ ಫೋಟೋ ನೋಡಿ ಯಾರೂ ಸರಿಯಾಗಿ ಹೇಳೋಕಾಗಲ್ಲ.

ಈಗಷ್ಟೇ ತಂದ ಗಿಡ ಸೊರಗ್ತಿದ್ರೆ ಎಲ್ಲಿ ಬೆಳೆಸಿದ್ದು ಅಂತ ಮಾರಿದವರನ್ನ ಕೇಳಿ. ಕಾಡಿಂದ ಕಿತ್ತು ತಂದವು ಹೊಂದ್ಕೊಳ್ಳದೇ ಸಾಯೋದು ಹೆಚ್ಚು. ಆರ್ಕಿಡ್ ಕುಟುಂಬ ಪೂರ್ತಿ ಸೈಟಿಸ್ ಅನ್ನೋ, ಕಾಡು ಗಿಡ ಪ್ರಾಣಿಗಳ ವ್ಯಾಪಾರ ನಿಯಂತ್ರಿಸೋ ಅಂತಾರಾಷ್ಟ್ರೀಯ ಒಪ್ಪಂದದ ಅಡಿ ಬರತ್ತೆ, ಕಾಗದ ಇಲ್ಲದೆ ದೇಶದ ಗಡಿ ದಾಟಿಸೋದು ಅಪರಾಧ, ಅಂಥ ಗಿಡ ಕೊಳ್ಳಲೇಬೇಡಿ.

ಉಳಿದಿರೋದು ಒಂದೆರಡು ಎಲೆ ಮಾತ್ರ ಆಗಿದ್ರೆ

ರೆಸ್ಟ್ರೆಪಿಯಾ ಆಗಿದ್ರೆ ಇನ್ನೂ ದಾರಿ ಇದೆ. ಆರೋಗ್ಯವಾಗಿರೋ ಎಲೆನ ಅದರ ಕಡ್ಡಿ ಸಮೇತ ಕತ್ತರಿಸಿ, ಎಲೆ ಕಡ್ಡಿ ಸೇರೋ ಸಂದು ಒದ್ದೆ ಮಾಸ್‌ಗೆ ತಾಗೋ ಹಾಗೆ ಇಟ್ಟು, ಸಣ್ಣ ಪ್ಲಾಸ್ಟಿಕ್ ಡಬ್ಬೀಲಿ ಮುಚ್ಚಿ ತಂಪು ನೆರಳಲ್ಲಿಡಿ. ಆ ಸಂದಿಂದಾನೇ ಮರಿ ಗಿಡ ಹುಟ್ಟತ್ತೆ, ತಿಂಗಳುಗಳೇ ಹಿಡಿಯತ್ತೆ. ಬೇರೆ ಜಾತಿಗಳಲ್ಲಿ ಇದು ಅಷ್ಟು ಸುಲಭ ಅಲ್ಲ, ಆದ್ರೆ ಬುಡದ ದಿಂಡು ಗಟ್ಟಿ ಹಸಿರಾಗಿ ಉಳಿದಿದ್ರೆ ಎಲೆ ಎಲ್ಲ ಹೋಗಿದ್ರೂ ಎಸೀಬೇಡಿ, ಅದೇ ಥರ ಡಬ್ಬೀಲಿಟ್ಟು ದಿನಕ್ಕೊಂದು ಸಲ ಮುಚ್ಚಳ ತೆಗೆದು ಗಾಳಿ ಆಡಿಸಿ. ಗೊಬ್ಬರ ಬೇಡ, ಮೊದಲ ಹೊಸ ಬೇರು ಮಾಸ್ ಒಳಗೆ ಇಳಿದಿದ್ದು ಕಂಡ ಮೇಲೆ ಶುರು ಮಾಡಿ.